ಎರೆಭೂತದ ಸರಿಯಾದ ಚಿತ್ರ

ನಮ್ಮ ಜಿಲ್ಲೆಯ ಪ್ರಾಣಿಗಳು ಕಾಡಿನಲ್ಲಿ ಒಂದು ಥರ ಇರುತ್ತವೆ, ಕಾಗದಕ್ಕೆ ಬಂದರೆ ಬೇರೆಯೇ ಥರ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಪ್ರವಾಸಿ ಕರಪತ್ರಗಳನ್ನು ಬರೆಯುವುದು, ತಿದ್ದುವುದು ನನ್ನ ಕೆಲಸ. ಒಂದು ಅಲ್ಪವಿರಾಮ ತಪ್ಪಿದರೂ ವಾಪಸು ಕಳಿಸುತ್ತಿದ್ದೆ. ಪ್ರಾಣಿಗಳು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಬಿಳಿ ಕರಡಿ

ಜೋಗಿಮಟ್ಟಿ ಕಾಡಿನ ಕರಡಿ ಅಚ್ಚಾಗಿ ಬಂತು. ಸುತ್ತ ಬರೀ ಗೆರೆ, ಒಳಗೆಲ್ಲ ಬಿಳಿ. ಹಿಮದ ನಾಡಿನಿಂದ ದಾರಿ ತಪ್ಪಿ ಬಂದ ಹಾಗಿತ್ತು. ಪ್ರೆಸ್ಸಿನವನನ್ನು ಕರೆಸಿದೆ.

"ಮೈ ತುಂಬಿಸಿದ್ರೆ ಕಪ್ಪು ಮಸಿ ಸಾಲ್ತಿರಲಿಲ್ಲ ಸರ್."

"ಅಕ್ಷರಕ್ಕೆ ಸಾಲಿತಲ್ಲಪ್ಪ?"

"ಅಕ್ಷರಕ್ಕೇ ಹೋಗಿದ್ದು. ಒಂದು ಕರಡಿಗೆ ನೀವು ಎರಡು ಪುಟ ಬರ್ದಿದ್ರಿ."

ಹಿಂದುಮುಂದಾದ ಪಾದ

ಹಿರಿಯೂರಿನ ಕಡೆ ಎರೆಹೊಲಗಳಲ್ಲಿ ಸೊಂಟದೆತ್ತರದ ಒಂದು ಹಕ್ಕಿ ಇತ್ತು. ಕಪ್ಪು ಮಣ್ಣಿನ ಮೇಲೆ, ಮಂಜಿನಲ್ಲಿ, ಸುಮ್ಮನೆ ನಿಂತಿರುತ್ತಿತ್ತು. ಜನ ಅದನ್ನು ಎರೆಭೂತ ಎನ್ನುತ್ತಿದ್ದರು. ವರ್ಷದಿಂದ ವರ್ಷಕ್ಕೆ ಕಾಣುವುದು ಕಡಿಮೆಯಾಗುತ್ತಿತ್ತು. ಪೂರಾ ಮರೆಯಾಗುವ ಮೊದಲು ಅದರದೊಂದು ಸರಿಯಾದ ಚಿತ್ರ ಅಚ್ಚಾಗಬೇಕು ಎಂಬುದೊಂದೇ ನನ್ನ ಹಟ. ಕರಪತ್ರಗಳಿಗೆ ಚಿತ್ರ ಬರೆಯುವ ಪೇಂಟರಿಗೆ ಚೀಟಿ ಕಳಿಸಿದೆ: ಎರೆಭೂತ, ನಿಂತಂತೆ, ಬಣ್ಣದಲ್ಲಿ.

ಬಂದ ಚಿತ್ರದಲ್ಲಿ ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದುಮುಂದಾದ ಪಾದ.

"ಅದು ಹಕ್ಕಿ ಕಣಯ್ಯ," ಎಂದೆ.

"ಮೊದ್ಲೇ ಹೇಳಬಾರ್ದಾ ಸರ್. ಇದು ಮನೇಲಿದ್ದಿದ್ದು ಮೂರೇ ದಿನ, ನಮ್ಮನೆಯವಳು ಹೆದರಿ ತವರಿಗೆ ಹೋಗಿ ಕುಂತವ್ಳೆ."

ದಿನಕ್ಕೊಂದು ಮೊಟ್ಟೆ

"ನೀವೇ ತೋರಿಸ್ರಿ, ಹೋಗಾಣ," ಅಂದ ಪೇಂಟರ್. ಮೊದಲ ಬಸ್ಸಿಗೆ ಹೊರಟು ಬಬ್ಬೂರಿನ ಹತ್ತಿರ ಇಳಿದು, ಹೊಲದ ಬದುವಿನ ಮೇಲೆ ಕೂತೆವು. ಮಂಜು ನೆಲ ಬಿಟ್ಟು ಮೆಲ್ಲಗೆ ಏಳುತ್ತಿತ್ತು. ಅದರೊಳಗೆ ಮೊದಲು ಒಂದು ಬೆಳ್ಳನೆಯ ಕತ್ತು, ಆಮೇಲೆ ಕಂದು ಬೆನ್ನು. ಕಾಲು ಕಾಣಲೇ ಇಲ್ಲ. ಹಕ್ಕಿ ತೇಲಿಕೊಂಡು ಬಂದು, ನಮ್ಮನ್ನು ನೋಡಿ, ತೇಲಿಕೊಂಡೇ ಹೋಯಿತು.

"ಭೂತನೇ ಬಿಡ್ರಿ," ಅಂದ ಪೇಂಟರ್, ಪಿಸುದನಿಯಲ್ಲಿ.

ಅವನು ಬರೆದ ಚಿತ್ರದಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ. ನನ್ನ ಕೆಲಸದಲ್ಲಿ ಅದೇ ಮೊದಲು. ಕರಪತ್ರ ಊರೂರಿಗೆ ಹೋಯಿತು.

ಮುಂದಿನ ತಿಂಗಳು ಹೊಳಲ್ಕೆರೆಯಲ್ಲಿ ಬಸ್ಸಿಳಿದರೆ ಎದುರಿಗೆ ಅದೇ ಹಕ್ಕಿ, ಗರಿಗೆ ಗರಿ ಸರಿಯಾಗಿ, ಕೋಳಿ ಆಹಾರದ ಅಂಗಡಿಯ ಬೋರ್ಡಿನ ಮೇಲೆ. ಕೆಳಗೆ ದಪ್ಪಕ್ಷರದಲ್ಲಿ: ದಿನಕ್ಕೊಂದು ಮೊಟ್ಟೆ.

ನೇರ ಒಳಗೆ ಹೋದೆ. "ಇದು ಕೋಳಿಯಲ್ಲ ಸ್ವಾಮಿ, ಎರೆಭೂತ. ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಬೋರ್ಡು ಇಳಿಸಿ."

"ಕುಂತ್ಕಳ್ರಿ ಸರ್," ಎಂದು ಅಂಗಡಿಯವರು ಸ್ಟೂಲು ಸರಿಸಿದರು. "ವರ್ಷಕ್ಕೆ ಒಂದೇನಾ?" ಹೊರಗೆ ಬಂದು ಹಕ್ಕಿಯನ್ನು ಮರುಕದಿಂದ ನೋಡಿದರು. "ಪಾಪ. ಅದಕ್ಕೆ ನಮ್ಮ ಆಹಾರ ಯಾರೂ ಹಾಕಿಲ್ಲ ನೋಡ್ರಿ."