ಹೆಗ್ಗಣಕ್ಕೊಂದು ಹಾರನ್ನು

"ಈ ಹಿತ್ತಲಲ್ಲಿ ಇದ್ರೆ ನಾನಿರಬೇಕು, ಇಲ್ಲಾ ಆ ಹೆಗ್ಗಣ ಇರಬೇಕು!"

ಚಾಮರಾಜಪುರದ ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಬಿಂದುಮಾಧವರಾಯರು ಹೀಗೆ ರಣಕಹಳೆ ಊದಿದಾಗ ಅವರ ಕೈಯಲ್ಲಿ ಒಂದು ನವಿಲುಕೋಸು ಇತ್ತು. ಇತ್ತು ಎನ್ನುವುದೂ ತಪ್ಪೇ. ನವಿಲುಕೋಸಿನ ಸಿಪ್ಪೆ ಇತ್ತು. ಒಳಗಿನ ತಿರುಳನ್ನೆಲ್ಲ ಹೆಗ್ಗಣ ನೀಟಾಗಿ ತೋಡಿ ತಿಂದು, ಬಟ್ಟಲನ್ನು ಮಾತ್ರ ಯಜಮಾನರಿಗೆ ಬಿಟ್ಟು ಹೋಗಿತ್ತು.

ಹೆಂಡತಿ ಚೂಡಾಮಣಿ ಒಗ್ಗರಣೆಯಿಂದ ತಲೆ ಎತ್ತಲಿಲ್ಲ. "ನಾನಂತೂ ಇಲ್ಲೇ ಇರ್ತೀನಿ. ನೀವಿಬ್ರೂ ಕೂತು ತೀರ್ಮಾನ ಮಾಡ್ಕೊಳ್ಳಿ."

ಚೂಡಾಮಣಿಯ ತಾಳ್ಮೆಗೂ ಒಂದು ಮಿತಿ ಇತ್ತು. ಹಿಂದಿನ ವಾರ ಸೀರೆ ಒಣಹಾಕಲು ಹೋದವರ ಬಲಗಾಲು ನೆಲ ಕುಸಿದು ಮೊಣಕಾಲಿನವರೆಗೆ ಬಿಲದೊಳಗೆ ಇಳಿದಿತ್ತು. ಕಾಲು ಕಿತ್ತುಕೊಂಡು ಬಂದವರೇ, ಕಲ್ಲು ಹಾಸುವ ಮಹದೇವಯ್ಯನಿಗೆ ಹೇಳಿ ಕಳುಹಿಸಿದರು. ಅವನು ಬಂದು ಹಗ್ಗ ಹಿಡಿದು ಹಿತ್ತಲನ್ನು ಅಳೆದೂ ಹೋದ. ವಿಜಯದಶಮಿಯ ಹೊತ್ತಿಗೆ ಹೆಗ್ಗಣ ತೊಲಗದಿದ್ದರೆ ಮಾರನೆಯ ದಿನವೇ ಹಿತ್ತಲಿಗೆಲ್ಲ ಚಪ್ಪಡಿ ಎಂದು ಅಪ್ಪಣೆಯಾಯಿತು. ಆ ಅಪ್ಪಣೆಗೆ ಮೇಲ್ಮನವಿ ಇರಲಿಲ್ಲ.

ರಾಯರು ಹೋಗಿ ಹಿತ್ತಲ ಬಾಗಿಲಲ್ಲಿ ನಿಂತರು. ಆ ಹಿತ್ತಲೇನು ಬೃಂದಾವನವಲ್ಲ. ನಾಲ್ಕು ಮಡಿ ನವಿಲುಕೋಸು, ಬೇಲಿಗೊಂದಿಷ್ಟು ಅವರೆ, ಮೂಲೆಯಲ್ಲಿ ಮಲ್ಲಿಗೆ. ಆದರೆ ಹಗಲೆಲ್ಲ ಕಿಟಕಿಯಿಲ್ಲದ ಉಗ್ರಾಣದಲ್ಲಿ ಕೂತು ಬರುವ ಮನುಷ್ಯನಿಗೆ, ಸಂಜೆ ಅಂಗಿ ಕಳಚಿ ಆ ಮಡಿಗಳ ನಡುವೆ ಕುಕ್ಕರಗಾಲಲ್ಲಿ ಕೂತಾಗಲೇ ತಾನು ಬದುಕಿದ್ದೇನೆ ಅನ್ನಿಸುತ್ತಿತ್ತು. ಅದರ ಮೇಲೆ ಕಲ್ಲು ಹಾಸುವುದೆಂದರೆ ತನ್ನ ಎದೆಯ ಮೇಲೇ ಹಾಸಿದಂತೆ. ಇದನ್ನು ಹೆಂಡತಿಗೆ ಹೇಳಲು ಅಭಿಮಾನ ಬಿಡಲಿಲ್ಲ. ಬದಲಿಗೆ, "ನಾಡಿನ ಗಡಿಯೆಲ್ಲಾ ತೀರ್ಮಾನ ಆಗ್ತಿರೋ ಈ ವರ್ಷ ನನ್ನ ಹಿತ್ತಲಿನ ಗಡಿ ಬಿಟ್ಟುಕೊಡ್ತೀನಾ?" ಎಂದು ಗುಡುಗಿದರು. ಕನ್ನಡ ನಾಡೆಲ್ಲ ಒಂದಾಗುವ ಮಾತು ಎಲ್ಲರ ಬಾಯಲ್ಲೂ ಇದ್ದ ವರ್ಷ ಅದು.

ವಿಷ ಇಡುವಂತಿರಲಿಲ್ಲ. ಗಣಪತಿಯ ವಾಹನವನ್ನು ಕೊಂದು, ಮುಂದಿನ ಚೌತಿಗೆ ಯಾವ ಮುಖ ಹೊತ್ತು ಕರಿಗಡುಬು ಇಡಲಿ ಎಂದು ಚೂಡಾಮಣಿ ಕೇಳಿದ್ದರು. ಬೋನು ಇಟ್ಟರೆ ಕೊಬ್ಬರಿ ಚೂರು ಮಾಯವಾಗುತ್ತಿತ್ತು, ಬೋನು ಖಾಲಿ ಇರುತ್ತಿತ್ತು. ಒಮ್ಮೆ ಮಾತ್ರ ಭರ್ತಿಯಾಗಿತ್ತು. ಅದರೊಳಗೆ ಸಿಕ್ಕಿದ್ದು ರಾಯರ ಹೆಬ್ಬೆರಳು.

ಉಳಿದದ್ದು ವಿಜ್ಞಾನ. ವಿಜ್ಞಾನಕ್ಕೂ ರಾಯರಿಗೂ ಆನುವಂಶಿಕ ನಂಟು ಎಂಬುದು ಅವರದೇ ನಂಬಿಕೆ. ಅವರ ತಾತ ಅರಮನೆಯಲ್ಲಿ ದೀವಟಿಗೆಯ ಎಣ್ಣೆಗೆ ಉಸ್ತುವಾರಿ. ಇವರು ದೀಪಾಲಂಕಾರದ ಬಲ್ಬುಗಳ ಉಗ್ರಾಣಕ್ಕೆ. ದಸರೆಯಲ್ಲಿ ಅರಮನೆ ಝಗ್ಗೆಂದು ಹೊತ್ತಿಕೊಂಡಾಗ, ಪಕ್ಕದಲ್ಲಿ ನಿಂತವರಿಗೆ ಕೇಳುವಂತೆ "ಎಲ್ಲಾ ನಮ್ಮ ಕೈಯಲ್ಲೇ ಹಾದು ಹೋದದ್ದು" ಎನ್ನುತ್ತಿದ್ದರು. ನಿಜವೇ. ಬಲ್ಬುಗಳು ರಟ್ಟಿನ ಪೆಟ್ಟಿಗೆಯ ಸಮೇತ ಅವರ ಕೈಯಲ್ಲಿ ಹಾದು ಹೋಗುತ್ತಿದ್ದವು. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತಿ ಹಾಕುತ್ತಿದ್ದವರು ಚೂಡಾಮಣಿ. ರಾಯರು ಸ್ಟೂಲು ಹಿಡಿದುಕೊಳ್ಳುತ್ತಿದ್ದರು.

ಈ ಮಹಾಯುದ್ಧಕ್ಕೆ ಸೇನಾಪತಿಯಾಗಿ ಬಂದವನು ಪಕ್ಕದ ಮನೆಯ ಕೆಂಪಯ್ಯ. ನಂಜನಗೂಡು ರಸ್ತೆಯಲ್ಲಿ ಹಳೆಯ ಬಸ್ಸುಗಳನ್ನು ರಿಪೇರಿ ಮಾಡುವ ಶೆಡ್ಡು ಇಟ್ಟಿದ್ದ. ಗುಜರಿಗೆ ಬಿದ್ದ ಬಸ್ಸೊಂದರ ಹಾರನ್ನು, ಅದಕ್ಕೊಂದು ಬ್ಯಾಟರಿ, ಒಂದು ಹೊರೆ ತಂತಿ ಹೊತ್ತು ತಂದ.

"ಈ ಆರನ್ ಸದ್ದಿಗೆ ಎಮ್ಮೆ ಮಂದೇನೇ ದಾರಿ ಬುಡ್ತಿತ್ತು ರಾಯ್ರೇ," ಎಂದ. "ಎಗ್ಗಣ ಯಾವ ಲೆಕ್ಕ?"

ಯಂತ್ರದ ಮರ್ಮ ಇಷ್ಟೇ. ಬಿಲದ ಬಾಯಲ್ಲಿ ಒಂದು ಹಲಗೆ, ಹಲಗೆಯ ಕೆಳಗೆ ಎರಡು ಹಿತ್ತಾಳೆ ಪಟ್ಟಿ. ಹೆಗ್ಗಣ ಹಲಗೆ ತುಳಿದರೆ ಪಟ್ಟಿಗಳು ಒಂದಕ್ಕೊಂದು ತಾಗಿ, ನೆಲದೊಳಗೆ ಹೂತಿಟ್ಟ ಹಾರನ್ನು ಬೊಬ್ಬಿಡುತ್ತದೆ. ಜೀವಹಾನಿ ಇಲ್ಲ, ಮಾನಹಾನಿ ಮಾತ್ರ. ಮರ್ಯಾದಸ್ಥ ಹೆಗ್ಗಣವಾದರೆ ಊರು ಬಿಡುತ್ತದೆ.

ಚೂಡಾಮಣಿ ಷರತ್ತು ಹಾಕಿ ಒಪ್ಪಿದರು. ಮನೆಯ ಕರೆಂಟು ಮುಟ್ಟಕೂಡದು, ಯಾರಿಗೂ ಏನೂ ಆಗಕೂಡದು, ಸ್ವಿಚ್ಚು ಅಡುಗೆಮನೆಯಲ್ಲಿ ತಮ್ಮ ಕೈಗೆಟುಕುವಂತಿರಬೇಕು. ಸುರಕ್ಷತೆ ಎಂದ ಕೂಡಲೇ ರಾಯರಿಗೆ ಹುರುಪೇರಿತು. ಹಿತ್ತಲಿಗೆ ಹೋಗುವವರು ಮೊದಲು "ತೋಟಕ್ಕೆ!" ಎಂದು ಕೂಗಬೇಕು, ಚೂಡಾಮಣಿ ಸ್ವಿಚ್ಚು ಆರಿಸಿ "ಹೋಗಬಹುದು" ಎನ್ನಬೇಕು, ಆಮೇಲೆ ಕಾಲಿಡಬೇಕು. ದರ್ಬಾರಿನಲ್ಲೂ ಇಷ್ಟು ಶಿಸ್ತಿರಲಿಲ್ಲ.

ಆ ಶಿಸ್ತನ್ನು ಮೊದಲು ಮುರಿದವರು ಶಾಸನ ಮಾಡಿದ ರಾಯರೇ. ಮಾರನೆಯ ಬೆಳಿಗ್ಗೆ, ಯಂತ್ರ ಸರಿಯಿದೆಯೋ ನೋಡೋಣವೆಂದು ಕೂಗದೆ ಹೋಗಿ ಹಲಗೆ ತುಳಿದರು. ನೆಲದಡಿಯಿಂದ ಬಸ್ಸೊಂದು ಎದ್ದು ಬಂದಂತೆ ಸದ್ದಾಯಿತು. ಮನೆಯ ಮುಂದೆ ಹಾಲು ಕರೆಯುತ್ತಿದ್ದ ರಾಮಯ್ಯನ ಹಸು ತಂಬಿಗೆಯನ್ನೊದ್ದು, ಹಗ್ಗ ಕಿತ್ತು ಓಡಿತು. ಅದು ಸಿಕ್ಕಿದ್ದು ನಂಜುಮಳಿಗೆಯ ಹತ್ತಿರ. ಆ ದಿನ ಬೀದಿಯಲ್ಲಿ ಯಾರ ಮನೆಯಲ್ಲೂ ಕಾಫಿಯಿಲ್ಲ. ರಾಯರು ಮಾತ್ರ ಮೀಸೆ ತಿರುವಿ, "ನೋಡಿದ್ಯಾ, ಕೆಲಸ ಮಾಡುತ್ತೆ" ಎಂದರು.

ಮರುದಿನ ಮುಸ್ಸಂಜೆಯಲ್ಲಿ ಯಂತ್ರ ತಾನಾಗಿಯೇ ಕೂಗಿತು. ಬೂದುಬಣ್ಣದ ದಪ್ಪನೆಯದೊಂದು ಬೇಲಿಯ ಬುಡದಿಂದ ಬಚ್ಚಲ ಕಡೆಗೆ ಚಂಗನೆ ಹಾರಿ ಮರೆಯಾಯಿತು. ಅಲ್ಲಿಂದಾಚೆಗೆ ಬಿಲ ತಣ್ಣಗಾಯಿತು. ರಾಯರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ವಿಜಯಯಾತ್ರೆ ಮಾಡಿ ಬಂದರು. ಆದರೂ ಯಂತ್ರ ತೆಗೆಯಲಿಲ್ಲ. ಶತ್ರು ಓಡಿಹೋದ ಎಂದು ಕೋಟೆಯ ಬಾಗಿಲು ತೆಗೆದಿಡುವವನು ಮೂರ್ಖ ಎಂಬುದು ಅವರ ಸಿದ್ಧಾಂತ.

ಅಷ್ಟರಲ್ಲಿ ನವರಾತ್ರಿ ಬಂತು. ಗೊಂಬೆ ನೋಡಲು ಮಕ್ಕಳ ದಂಡೇ ಬರುತ್ತದೆ, ಹಿಂದಿನ ಜಗುಲಿಯಲ್ಲಿ ಬ್ಯಾಟರಿ ಇರಕೂಡದು ಎಂದರು ಚೂಡಾಮಣಿ. ರಾಯರು ಸುರಕ್ಷತೆಯ ಶಿಖರವನ್ನೇ ಹತ್ತಿದರು. ಗೊಂಬೆ ಕೂರಿಸಲು ಟ್ರಂಕು, ಹಲಗೆ, ಡಬ್ಬಿಗಳನ್ನು ಪೇರಿಸಿ ಮೆಟ್ಟಿಲು ಕಟ್ಟುವಾಗ ಬ್ಯಾಟರಿಯನ್ನು ಅದರ ನಟ್ಟನಡುವೆ ಇಟ್ಟರು. ತಂತಿಗಳನ್ನೆಲ್ಲ ಒಂದೇ ಕಂತೆ ಕಟ್ಟಿ, ಹಿಂದಿನ ಗೋಡೆಯ ತೂತಿನಿಂದ ಹೊರಗೆ ಕಳಿಸಿ, ತೂತಿಗೆ ಗಾರೆ ಮೆತ್ತಿದರು. ಹೊರಗಿನ ತಂತಿಯನ್ನು ಮೊಳದುದ್ದ ಆಳದಲ್ಲಿ, ಹೆಗ್ಗಣಕ್ಕೆ ಜಾಡು ಸಿಗದಂತೆ ಅಂಕುಡೊಂಕಾಗಿ ಹೂತರು. ಹಾರನ್ನಿನ ಮೇಲೆ ಇನ್ನಷ್ಟು ಮಣ್ಣೆಳೆದು ಹೊಸ ಸಸಿ ನೆಟ್ಟರು. ಇನ್ನು ಇದು ಯಾರ ಕೈಗೂ ಸಿಗುವುದಿಲ್ಲ ಎಂದು ಕೈ ಕೊಡವಿಕೊಂಡರು. ಎಷ್ಟು ಸತ್ಯವಾದ ಮಾತನ್ನಾಡಿದೆ ಎಂದು ಅವರಿಗೆ ಆಗ ತಿಳಿದಿರಲಿಲ್ಲ.

ಚೂಡಾಮಣಿ ಮೆಟ್ಟಿಲಿಗೆ ಬಿಳಿ ಪಂಚೆ ಹಾಸಿ, ತಮ್ಮ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ತುದಿಯಲ್ಲಿ ಕೂರಿಸಿ ಕಳಶವಿಟ್ಟರು. ಆ ರಾಜ ರಾಣಿಯರು ಒಮ್ಮೆ ಕೂತರೆಂದರೆ ಮುಗಿಯಿತು. ವಿಜಯದಶಮಿಯ ರಾತ್ರಿ ಆರತಿಯೆತ್ತಿ ಮಲಗಿಸುವವರೆಗೆ ಅವರನ್ನು ಅಲುಗಿಸುವಂತಿಲ್ಲ.

ಎರಡನೆಯ ದಿನದಿಂದಲೇ ಗೊಂಬೆಗಳ ಮುಂದಿಟ್ಟ ಚರುಪು ಮಾಯವಾಗತೊಡಗಿತು. ಒಂದು ದಿನ ಕೊಬ್ಬರಿ ಮಿಠಾಯಿ, ಇನ್ನೊಂದು ದಿನ ಕಡಲೆ ಉಸಲಿ. ಚೂಡಾಮಣಿ ಗಂಡನ ಮುಖವನ್ನೇ ನೋಡಿ, ಈ ವಯಸ್ಸಿನಲ್ಲಿ ಬಾಯಿ ಹಿಡಿತದಲ್ಲಿರಬೇಕು ಎಂದರು. ರಾಯರು ತಾವು ನಿರಪರಾಧಿ ಎಂದು ದೇವರ ಮೇಲೆ ಆಣೆಯಿಟ್ಟರು. ಯಾರೂ ನಂಬಲಿಲ್ಲ, ದೇವರ ಮುಂದಿನ ತಟ್ಟೆ ಖಾಲಿಯಿತ್ತಲ್ಲ.

ಸರಸ್ವತಿ ಪೂಜೆಯ ಸಂಜೆ. ಮುತ್ತೈದೆಯರು ನಡುಮನೆ ತುಂಬಿದ್ದರು. ಹಿರಿಯರಾದ ಸುಂದರಮ್ಮನವರು ಕಣ್ಣು ಮುಚ್ಚಿ ದೇವಿಯ ಹಾಡು ಎತ್ತಿಕೊಂಡಿದ್ದರು. ಅವರು ಮೇಲಿನ ಷಡ್ಜ ಮುಟ್ಟಿದ್ದೇ ತಡ, ಹಿತ್ತಲಿನಿಂದ ಹಾರನ್ನು ಶ್ರುತಿ ಕೊಟ್ಟಿತು. ಕೊಟ್ಟದ್ದು ನಿಲ್ಲಿಸಲಿಲ್ಲ. ಚೂಡಾಮಣಿ ಓಡಿಹೋಗಿ ಸ್ವಿಚ್ಚು ಆರಿಸಿದರು. ನಿಲ್ಲಲಿಲ್ಲ. ಹಾಕಿ ಆರಿಸಿದರು. ಊಹೂಂ.

ಮೆಟ್ಟಿಲ ಅಡಿಯ ಪಂಚೆ ಅಲುಗಿತು. ಒಂದು ಚೂಪು ಮೂತಿ ಹೊರಗೆ ಬಂದು, ಸಭೆಯನ್ನೊಮ್ಮೆ ನೋಡಿ, ಒಂದು ಕೊಬ್ಬರಿ ಮಿಠಾಯಿ ಕಚ್ಚಿಕೊಂಡು ಒಳಗೆ ಹೋಯಿತು. ಹೆಂಗಸರು ಕಾಲು ಮೇಲೆತ್ತಿಕೊಂಡರು. ಸುಂದರಮ್ಮನವರು ಮಾತ್ರ ಕೈ ಮುಗಿದು, ಗಣಪತಿಯ ವಾಹನವೇ ಹಾಡು ಕೇಳಲು ಬಂದಿದೆ ಎಂದುಬಿಟ್ಟರು.

ರಾಯರಿಗೆ ಎಲ್ಲವೂ ಹೊಳೆಯಿತು. ಹೆಗ್ಗಣ ಊರು ಬಿಟ್ಟಿರಲಿಲ್ಲ, ಹಾರನ್ನಿಗೆ ಹೆದರಿ ಬಚ್ಚಲ ತೂಬಿನಿಂದ ಮನೆಯೊಳಗೇ ಬಿಡಾರ ಹೂಡಿತ್ತು. ತಂತಿಯ ಮೇಲಿನ ಹತ್ತಿಯ ಹೊದಿಕೆಯನ್ನು ಕಡಿದು ಹಾಕಿತ್ತು. ಬೆತ್ತಲೆ ತಂತಿಗಳು ಅಲ್ಲೇ ಒಂದನ್ನೊಂದು ಅಪ್ಪಿಕೊಂಡಿದ್ದವು. ಇನ್ನು ಸ್ವಿಚ್ಚಿನ ಮಾತು ಕೇಳುವವರು ಯಾರು?

"ಬ್ಯಾಟರಿ ಕಳಚಬೇಕು. ಗೊಂಬೆ ಇಳಿಸು," ಎಂದರು ರಾಯರು.

ಚೂಡಾಮಣಿ ಮೆಟ್ಟಿಲಿಗೆ ಅಡ್ಡವಾಗಿ ನಿಂತರು. "ಭೂಮಿ ಅದುರಿದ್ರೂ ದಶಮಿ ರಾತ್ರಿವರೆಗೆ ನಾನು ಮುಟ್ಟೋಳಲ್ಲ, ನಿಮ್ಮನ್ನೂ ಮುಟ್ಟಗೊಡೋಳಲ್ಲ."

"ಅಲ್ಲೀವರೆಗೆ ಇದು ಹೀಗೇ ಕೂಗ್ತಿರಬೇಕಾ?"

"ಕೂಗಲಿ. ಹೂತಿಟ್ಟೋರು ಅಗೆದು ತೆಗೀಲಿ."

ರಾಯರು ಗುದ್ದಲಿ ಹಿಡಿದು ಹಿತ್ತಲಿಗೆ ನುಗ್ಗಿದರು. ತಂತಿ ಕತ್ತರಿಸೋಣವೆಂದರೆ ಅದು ಮೊಳದಾಳದಲ್ಲಿ ಎತ್ತೆತ್ತಲೋ ತಿರುಗಿತ್ತು. ಹಾರನ್ನು ಇಟ್ಟದ್ದು ಎಲ್ಲಿ? ತಾವೇ ಎಳೆದ ಮಣ್ಣು, ತಾವೇ ನೆಟ್ಟ ಸಸಿ, ಎಲ್ಲ ಮಡಿಯೂ ಒಂದೇ ತರಹ. ಬಿಲಗಳೆಲ್ಲ ಒಳಗೊಳಗೇ ಕೂಡಿಕೊಂಡಿದ್ದರಿಂದ ಸದ್ದು ಪ್ರತಿಯೊಂದು ತೂತಿನಿಂದಲೂ ಹೊರಡುತ್ತಿತ್ತು. "ಇಲ್ಲಿ ಕೂಗ್ತದೆ ರಾಯ್ರೇ," ಎಂದು ಕೆಂಪಯ್ಯ ಪಿಕಾಸಿ ಹಾಕಿದ. ಅಲ್ಲಿರಲಿಲ್ಲ. ಅಲ್ಲಿ ಎಂದರು ರಾಯರು. ಅಲ್ಲೂ ಇರಲಿಲ್ಲ. ಬ್ಯಾಟರಿ ತಾನಾಗಿ ಸತ್ತೀತೇ ಎಂದು ಕೇಳಿದರೆ, ತಾನು ಚಾರ್ಜು ಮಾಡಿದ್ದು ಅಷ್ಟು ಸುಲಭವಾಗಿ ಸಾಯುವುದಿಲ್ಲ ಎಂದು ಕೆಂಪಯ್ಯ ಎದೆಯುಬ್ಬಿಸಿ ಹೇಳಿದ. ನವಿಲುಕೋಸು ಹೋಯಿತು, ಅವರೆ ಹೋಯಿತು, ಮಲ್ಲಿಗೆ ಬುಡಸಮೇತ ಮೇಲೆದ್ದಿತು. ಕಟ್ಟಕಡೆಯ ಮಡಿಯಲ್ಲಿ ಗುದ್ದಲಿ ಟಣ್ಣೆಂದಿತು. ರಾಯರು ಹಾರನ್ನನ್ನು ಕಿತ್ತೆಸೆದು, ಸದ್ದಡಗಿದ ಹಿತ್ತಲಿನ ನಡುವೆ ನಿಂತು ಸುತ್ತ ನೋಡಿದರು. ಒಂದು ಹಸಿರೆಲೆ ನೆಟ್ಟಗಿರಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು.

ಗಲಾಟೆ ಕೇಳಿ ಬಂದಿದ್ದ ಮಹದೇವಯ್ಯ ಬೇಲಿಯ ಮೇಲೆ ಬಗ್ಗಿ ಮೆಚ್ಚಿಕೊಂಡ. "ನೆಲಾನೆಲ್ಲ ನೀವೇ ಅಗ್ದು ಅದ ಮಾಡ್ಬುಟ್ರಲ್ಲ ಸ್ವಾಮಿ. ನಮ್ ಕೆಲಸ ಅಗುರಾಯ್ತು."

"ಇನ್ನೂ ದಶಮಿ ಆಗಿಲ್ಲ," ಎಂದರು ರಾಯರು. ಕಣ್ಣೊರೆಸಿಕೊಂಡರೂ ಮೀಸೆ ಇಳಿಯಲಿಲ್ಲ.

ದಶಮಿಯೂ ಆಯಿತು. ಜಂಬೂ ಸವಾರಿ ಹೋಯಿತು, ಪಟ್ಟದ ಗೊಂಬೆಗಳು ಮಲಗಿದವು. ಮಾರನೆಯ ಬೆಳಿಗ್ಗೆ ಚಪ್ಪಡಿ ಹೇರಿದ ಗಾಡಿ ಬಂದು ಮನೆಯ ಮುಂದೆ ನಿಂತಿತು. ಒಳಗೆ ಗಂಡ ಹೆಂಡತಿ ಮೆಟ್ಟಿಲು ಬಿಚ್ಚುತ್ತಿದ್ದರು. ಬ್ಯಾಟರಿಯ ಪಕ್ಕದಲ್ಲಿ, ತಂತಿಯ ಹತ್ತಿ, ಪಂಚೆಯ ಚೂರು, ಬಾಳೆಯೆಲೆಯ ಸೀಳುಗಳ ಮೆತ್ತನೆಯ ಹಾಸಿಗೆ. ಅದರ ಮೇಲೆ ಇನ್ನೂ ಕಣ್ಣು ಬಿಡದ ಕೆಂಪು ಮರಿಗಳು. ಅವುಗಳ ಮೇಲೆ ತಾಯಿ, ಹಲ್ಲು ಕಿರಿದು, ಓಡದೆ ಕೂತಿತ್ತು.

ರಾಯರು ಪೊರಕೆ ಎತ್ತಿದರು. ಎತ್ತಿದ ಕೈಯನ್ನು ಚೂಡಾಮಣಿ ಹಿಡಿದರು. ಬಹಳ ಹೊತ್ತು ಆ ತಾಯಿಯನ್ನೇ ನೋಡಿದರು. ಆಮೇಲೆ ಎದ್ದು ಬಾಗಿಲಿಗೆ ಹೋಗಿ, ಕಲ್ಲು ಬೇಡ, ಗಾಡಿ ತಿರುಗಿಸು ಎಂದು ಮಹದೇವಯ್ಯನಿಗೆ ಹೇಳಿದರು. ಚಪ್ಪಡಿ ಹಾಸಿಬಿಟ್ಟರೆ ಆ ಮಕ್ಕಳು ನಾಳೆ ಎಲ್ಲಿಗೆ ಹೋಗಬೇಕು ಎಂದು ಅವನನ್ನೇ ಗದರಿಸಿದರು.

ರಾಯರಿಗೆ ಹೋದ ಜೀವ ಬಂದಂತಾಯಿತು. ಪೊರಕೆಯನ್ನು ಗದೆಯಂತೆ ಹೆಗಲಿಗೇರಿಸಿ, "ಹಿತ್ತಲು ಉಳಿಸಿಕೊಳ್ತೀನಿ ಅಂದಿದ್ದೆ. ಉಳಿಸಿಕೊಂಡೆನೋ ಇಲ್ವೋ?" ಎಂದರು.

ಚೂಡಾಮಣಿ ಆ ಪೊರಕೆಯನ್ನು ಕಿತ್ತುಕೊಂಡು ಗುದ್ದಲಿ ಕೊಟ್ಟರು.

"ಈ ಸಲ ನವಿಲುಕೋಸು ಎರಡು ಸಾಲು ಜಾಸ್ತಿ ಹಾಕಿ. ಮನೇಲಿ ಬಾಣಂತಿ ಇದಾಳೆ."