ಅಕ್ರಾದ ಮೆಣಸಿನಕಾಯಿ ಪೆಟ್ಟಿಗೆ

ಪೇಚಿಗೆ ಸಿಕ್ಕಿಹಾಕಿಕೊಳ್ಳಬೇಕು ಅಂತ ನಾನಾಗಿ ಎಲ್ಲೂ ಹೋದವನಲ್ಲ. ಪೇಚೇ ನನ್ನ ಅಡ್ರೆಸ್ ಕೇಳಿಕೊಂಡು ಬರುತ್ತೆ. ಕಾಮಾಕ್ಷಿಪಾಳ್ಯದಲ್ಲಿ ಎಂಬ್ರಾಯ್ಡರಿ ಮಷಿನ್ ರಿಪೇರಿ ಮಾಡಿಕೊಂಡಿದ್ದೆ. ಹೊಸ ಮಷಿನ್ ಕೂರಿಸಿ, ಕೆಲಸ ಕಲಿಸಿ ಬಾ ಅಂತ ಕಂಪನಿಯವರು ಎಂಟು ತಿಂಗಳು ಘಾನಾ ದೇಶದ ಅಕ್ರಾ ನಗರಕ್ಕೆ ಕಳಿಸಿದರು. ಅಲ್ಲಿ ಇಂಗ್ಲಿಷ್ ನಡೆಯುತ್ತೆ, ನನ್ನ ಇಂಗ್ಲಿಷೂ ಕುಂಟಿಕೊಂಡು ನಡೆಯುತ್ತೆ. ಇನ್ನು ಕೇಳಬೇಕೆ?

ವ್ಯಾನಿನ ಬೆನ್ನ ಮೇಲೆ

ಅಕ್ರಾದಲ್ಲಿ ಜನ ಓಡಾಡುವುದು ಸಣ್ಣ ವ್ಯಾನುಗಳಲ್ಲಿ. ನಮ್ಮ ಆಟೋಗಳ ಹಾಗೆ ಪ್ರತಿಯೊಂದರ ಹಿಂದೆಯೂ ಬಣ್ಣದ ಅಕ್ಷರದಲ್ಲಿ ಒಂದು ಮಾತು. ಮೊದಲನೇ ವಾರ ಯಾವುದನ್ನು ಹತ್ತಲಿ ಅಂತ ಹೆದರಿಕೊಂಡೇ ನಿಂತಿದ್ದೆ. ‘ಆತುರ ಬೇಡ, ಜೀವ ಒಂದೇ’ ಅಂತ ಬರೆಸಿದ ವ್ಯಾನು ಮುಂದೆ ಹೋಗಿ ನಿಂತಿತು. ಇದೇ ನಮ್ಮಂಥವರಿಗೆ ಅಂತ ಓಡಿ ಹತ್ತಿದೆ.

ಆ ಪುಣ್ಯಾತ್ಮ ಎರಡು ಸಿಗ್ನಲ್ ಹಾರಿಸಿದ. ಒಂದು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ ಒಂದು ಲಾರಿಯನ್ನೇ ಹಿಂದಕ್ಕೆ ಹಾಕಿದ. ಇಳಿದವನೇ ಡ್ರೈವರನ್ನು ಕೇಳಿದೆ.

“ಅಲ್ಲಣ್ಣ, ಹಿಂದೆ ಆತುರ ಬೇಡ ಅಂತ ಬರೆಸಿದೀರಲ್ಲ?”

“ಹೌದು ಸಾರ್. ಅದು ಹಿಂದೆ ಬರೋರಿಗೆ!”

ಒಂಬತ್ತನೇ ನಂಬರ್

ಅಲ್ಲಿ ಕಟಿಂಗ್ ಶಾಪಿನ ಬೋರ್ಡುಗಳನ್ನು ನೋಡಬೇಕು. ಕೈಯಲ್ಲೇ ಬರೆದ ಎಂಟು ತಲೆ, ಎಂಟು ಸ್ಟೈಲು, ಒಂದೊಂದಕ್ಕೂ ನಂಬರ್. ನನ್ನ ತಲೆಯೋ, ನಡುವೆ ಬಯಲು, ಕಿವಿಯ ಸುತ್ತ ಮಾತ್ರ ಬೇಲಿ. ಅಂಗಡಿಯವನು ಬೋರ್ಡು ನೋಡಿದ, ನನ್ನ ತಲೆ ನೋಡಿದ, ಮತ್ತೆ ಬೋರ್ಡು ನೋಡಿದ.

“ಸಾರ್, ನಿಮ್ಮದು ಇದರಲ್ಲಿಲ್ಲ.”

ಬೇಲಿ ಕತ್ತರಿಸಿಕೊಟ್ಟು ಒಂದು ಫೋಟೋ ತೆಗೆದುಕೊಂಡ. ಬೋರ್ಡಿನ ಚಿತ್ರ ಬರೆಯುವವನೂ ಅವನೇ ಅಂತೆ. ಮುಂದಿನ ತಿಂಗಳು ಹೋಗಿ ನೋಡಿದರೆ ಬೋರ್ಡಿನಲ್ಲಿ ಒಂಬತ್ತು ತಲೆ! ಒಂಬತ್ತನೆಯದು ನನ್ನದೇ ಮೀಸೆ ಹೊತ್ತು ಪಳಪಳ ಹೊಳೆಯುತ್ತಿದೆ. ಕೆಳಗೆ ‘ಬೆಂಗಳೂರು’ ಅಂತ ಬೇರೆ. ನನಗೂ ಒಳಗೊಳಗೇ ಹೆಮ್ಮೆ.

“ಈ ಸ್ಟೈಲು ಯಾರಾದ್ರೂ ಕೇಳಿದ್ರಾ?” ಅಂದೆ.

“ಸ್ಟೈಲಿಗಲ್ಲ ಸಾರ್. ಅದನ್ನ ತೋರಿಸಿ ಕೂದಲೆಣ್ಣೆ ಮಾರ್ತಾ ಇದೀನಿ.”

ಕಟ್ಟಡದ ಮೇಲಿನ ಚಿತ್ರ

ನಾನು ವಾಪಸ್ ಬಂದ ಮೇಲೆ ಅಕ್ರಾದ ಫ್ಯಾಕ್ಟರಿಯ ಸೂಪರ್‌ವೈಸರ್ ಒಮ್ಮೆ ಟ್ರೇನಿಂಗಿಗೆ ಅಂತ ನಮ್ಮೂರಿಗೆ ಬಂದರು. ಚಿತ್ರ, ಕಟ್ಟಡ ಅಂದರೆ ಪ್ರಾಣ ಬಿಡುವ ಮನುಷ್ಯ. ಅತ್ತಿಗುಪ್ಪೆ ಮೆಟ್ರೋ ಇಳಿದು ನಡೆಯುತ್ತಿದ್ದಾಗ, ಅರ್ಧ ಎದ್ದ ಕಟ್ಟಡವೊಂದರ ಮುಂದೆ ನಿಂತೇಬಿಟ್ಟರು. ಮೇಲೆ ದೃಷ್ಟಿಗೊಂಬೆಯ ಬಣ್ಣದ ಚಿತ್ರ: ಗುಡ್ಡೆಗಣ್ಣು, ಕೋರೆಹಲ್ಲು, ಕಿವಿವರೆಗೂ ಮೀಸೆ.

“ಇದು ಯಾರು?” ಅಂತ ಕೇಳಿ ಫೋಟೋ ತೆಗೆಯತೊಡಗಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಮಾಲೀಕರು ಬಂದರು. ಅದೇ ಮೀಸೆ, ಹೆಚ್ಚುಕಡಿಮೆ ಅದೇ ಕಣ್ಣು. ಸೂಪರ್‌ವೈಸರ್ ಓಡಿಹೋಗಿ ಅವರ ಕೈ ಹಿಡಿದು ಕುಲುಕಿದರು: “ಚಿತ್ರಕ್ಕಿಂತ ಎದುರಿಗೇ ಚೆನ್ನಾಗಿದೀರ ಸಾರ್!”

ಆ ಇಂಗ್ಲಿಷ್ ಉಚ್ಚಾರಣೆ ಮಾಲೀಕರಿಗೆ ಹತ್ತಲಿಲ್ಲ. “ಏನಂತಾರ್ರೀ ಇವರು?” ಅಂದರು ನನಗೆ.

ನಿಜ ಹೇಳಿ ಒದೆ ತಿನ್ನಲಾ? “ಕಟ್ಟಡ ತುಂಬಾ ಚೆನ್ನಾಗಿದೆ ಅಂತಿದಾರೆ ಸಾರ್.”

ಮಾಲೀಕರು ಗಾಬರಿಯಾಗಿ ಮೇಲೆ ನೋಡಿದರು. “ಅಯ್ಯೋ, ಹಾಗನ್ನಬೇಡಿ ಅನ್ರೀ! ಇನ್ನೊಂದು ಗೊಂಬೆ ಕಟ್ಟಿಸಬೇಕಾಗುತ್ತೆ.”

ಅಮ್ಮನ ಅಳತೆ

ಇದು ಅಕ್ರಾದಲ್ಲಿ ನನ್ನ ಕೊನೆಯ ತಿಂಗಳಲ್ಲಿ ಆಗಿದ್ದು. ಸಮುದ್ರದ ದಂಡೆಯ ಬೀದಿಯೊಂದರಲ್ಲಿ ಬಡಗಿಯ ಅಂಗಡಿ ಕಂಡಿತು. ಬಾಗಿಲಲ್ಲಿ ಆಳೆತ್ತರದ ಮರದ ಮೀನು, ಮರದ ಬಸ್ಸು, ಮರದ ಶೂ! ಕಣ್ಣು ಕೋರೈಸುವ ಬಣ್ಣ. ಎಲ್ಲಕ್ಕೂ ಮುಚ್ಚಳ, ಒಳಗೆ ರೇಷ್ಮೆಯಂಥ ಬಟ್ಟೆಯ ಮೆತ್ತೆ. ಅಮ್ಮನ ಸೀರೆಗಳಿಗೆ ಹೇಳಿ ಮಾಡಿಸಿದ ಪೆಟ್ಟಿಗೆ ಅಂದುಕೊಂಡು ಒಳಗೆ ಹೋದೆ.

“ಅಮ್ಮನಿಗೊಂದು ಬೇಕಿತ್ತು,” ಅಂದೆ. ವಯಸ್ಸಾದ ಬಡಗಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಎಂಥ ಮರ್ಯಾದೆ ಅಂತ ಖುಷಿಯಾಯಿತು.

“ಅಮ್ಮ ಏನು ಕೆಲಸ ಮಾಡ್ತಿದ್ರು?”

“ಫ್ಲೋರ್ ಮಿಲ್ ನಡೆಸ್ತಿದ್ರು. ಅವರ ಖಾರದ ಪುಡಿ ಅಂದ್ರೆ ಕಾಮಾಕ್ಷಿಪಾಳ್ಯಕ್ಕೇ ಹೆಸರು.”

“ಹಾಗಾದ್ರೆ ಕೆಂಪು ಮೆಣಸಿನಕಾಯಿ ಮಾಡೋಣ. ಎತ್ತರ ಎಷ್ಟು?”

“ಪೆಟ್ಟಿಗೇದಾ?”

“ಅಮ್ಮಂದು.”

ಕೈಗೆ ಎಟುಕಬೇಕಲ್ಲ, ಅದಕ್ಕೇ ಕೇಳುತ್ತಿದ್ದಾರೆ ಅಂದುಕೊಂಡೆ. “ಐದಡಿ.”

“ಯಾವತ್ತಿಗೆ ಬೇಕು?”

“ದೀಪಾವಳಿಗೆ. ನಮ್ಮ ದೊಡ್ಡ ಹಬ್ಬ.”

ಬರೆದುಕೊಳ್ಳುತ್ತಿದ್ದ ಅವರ ಪೆನ್ಸಿಲ್ ನಿಂತಿತು. “ಅಷ್ಟು ಖಂಡಿತವಾಗಿ ಗೊತ್ತಾ?”

“ಗೊತ್ತಿಲ್ದೆ ಏನು? ಇನ್ನು ಎರಡೇ ತಿಂಗಳು.”

“ಅಮ್ಮನಿಗೆ ವಿಷಯ ಗೊತ್ತಾ?”

“ಇಲ್ಲ, ಸರ್ಪ್ರೈಸು!”

ಅವರು ಪೆನ್ಸಿಲ್ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಹುಚ್ಚರ ಹತ್ತಿರ ಮಾತಾಡುವ ಹಾಗೆ ಮೆಲ್ಲಗೆ ಬಿಡಿಸಿ ಹೇಳಿದರು. ಅಲ್ಲಿ ಕೆಲವರು, ಸತ್ತವರನ್ನು ಅವರ ಕಸುಬಿಗೆ ತಕ್ಕ ಆಕಾರದ ಪೆಟ್ಟಿಗೆಯಲ್ಲಿ ಹೂಳುತ್ತಾರಂತೆ. ಬೆಸ್ತನಿಗೆ ಮೀನು, ಡ್ರೈವರಿಗೆ ಬಸ್ಸು. ನಾನು ಬದುಕಿರುವ ಅಮ್ಮನಿಗೆ ದೀಪಾವಳಿಯ ಗಡುವು ಕೊಟ್ಟು ಶವಪೆಟ್ಟಿಗೆ ಹೇಳುತ್ತಿದ್ದೆ!

ಪಾಪ ಕಳೆದುಕೊಳ್ಳೋಣ ಅಂತ ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಒಪ್ಪಿಕೊಂಡೆ. ಅಂಗಡಿಯ ಫೋಟೋಗಳನ್ನೂ ಕಳಿಸಿದೆ. ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ನನಗೆ ಅಳು ಬರುವ ಹಾಗಾಯಿತು.

“ಬೇಜಾರಾಯ್ತಾಮ್ಮ?”

“ಬೇಜಾರಲ್ಲ ಕಣೋ. ನಮ್ಮಲ್ಲಿ ಸುಟ್ಟುಬಿಡ್ತೀರ. ಇಷ್ಟು ಚೆಂದದ ಪೇಂಟಿಂಗು ದಂಡ. ಸೀರೆಗೇ ಇರ್ಲಿ, ಮಾಡಿಸ್ಕೊಂಡು ಬಾ.”