ಕಿಟಕಿ ತೆರೆದಿಟ್ಟು ಅಳೆದ ಬುದ್ಧಿ

ಬುದ್ಧಿ ಅಳೆಯುವ ಕೆಲಸಕ್ಕೆ ಸೇರಿದಾಗಿನಿಂದ ನನಗೆ ಇಂಥ ಪ್ರಸಂಗಗಳು ಆಗುತ್ತಲೇ ಇವೆ. ಬರೆದು ರೂಢಿಯಿಲ್ಲದ ಕಾರಣ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಅಳೆಯುವುದು ಎಂದರೆ ತಕ್ಕಡಿಯಲ್ಲಲ್ಲ. ಪ್ರಶ್ನೆ ಕೇಳುತ್ತೇವೆ, ಬಣ್ಣದ ಮರದ ತುಂಡು ಜೋಡಿಸಲು ಕೊಡುತ್ತೇವೆ, ಗಡಿಯಾರ ನೋಡುತ್ತೇವೆ, ಕೊನೆಗೆ ಒಂದು ಅಂಕಿ ಬರುತ್ತದೆ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಏನು ಸಹಾಯ ಬೇಕೆಂದು ತಿಳಿಯಲು ಇದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಶಾಲೆಗಳಿಗೆ ಹೋಗುತ್ತೇನೆ. ಇರುವುದು ಜೇವರ್ಗಿಯ ಒಂದು ಬಾಡಿಗೆ ಮನೆಯಲ್ಲಿ. ಬಾಡಿಗೆಯ ಮನೆ ಎಂಬುದು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

೧. ಕಾಡಿನ ಪ್ರಶ್ನೆ

ಮಾದನಹಿಪ್ಪರಗಾದ ಶಾಲೆಯಲ್ಲಿ ಒಬ್ಬ ಹುಡುಗಿಗೆ ಕೇಳಿದೆ: “ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡುತ್ತೀ?” ಸೂರ್ಯನನ್ನು ನೋಡಿ ದಿಕ್ಕು ಹುಡುಕುತ್ತೇನೆ ಎನ್ನಬೇಕು. ಸುತ್ತ ಎಲ್ಲಿ ನೋಡಿದರೂ ತೊಗರಿ ಹೊಲ ಕಾಣುವ ಊರು ಅದು.

“ಯಾವ ಕಾಡ್ರಿ?”

“ಯಾವುದೋ ಒಂದು.”

“ಯಾರ ಜೊತಿ ಹೋಗೀನ್ರಿ?”

“ಒಬ್ಬಳೇ.”

“ನಮ್ಮವ್ವ ನನಗ ಒಬ್ಬಾಕಿನ್ನ ಆಳಂದ ಬಸ್ಸಿಗೇ ಹತ್ತಸಂಗಿಲ್ರಿ. ಕಾಡಿಗೆ ಕಳಸ್ತಾಳೇನ್ರಿ?”

ನಿಯಮದ ಪ್ರಕಾರ ಈ ಉತ್ತರಕ್ಕೆ ಸೊನ್ನೆ. ಬರೆದೆ. ಅವಳು ನನ್ನನ್ನು ನೋಡಿದ ರೀತಿಗೆ, ನನಗೂ ಅಷ್ಟೇ ಬಂದಂತಿತ್ತು.

೨. ಕಿಟಕಿಯ ಸಹಾಯ

ಪರೀಕ್ಷೆ ಒಬ್ಬೊಬ್ಬರಿಗೇ, ಬಾಗಿಲು ಹಾಕಿ ಮಾಡಬೇಕು. ಅಫಜಲಪುರದ ಕಡೆಯ ಒಂದು ಶಾಲೆಯಲ್ಲಿ ಹಾಗೆ ಒಬ್ಬ ಹುಡುಗನನ್ನು ಕೂರಿಸಿ ಬಾಗಿಲು ಹಾಕಿದರೆ, ಅವನ ಅಜ್ಜಿ ಹೊರಗಿನಿಂದ ಬಡಿದಳು. “ಬಾಗಲಾ ಹಾಕ್ಕೊಂಡು ಕೂಸಿಗೆ ಏನ್ ಮಾಡಾಕತ್ತೀಯವ್ವಾ?” ಕೊನೆಗೆ ಕಿಟಕಿ ತೆರೆದಿಡುವುದೆಂದು ರಾಜಿಯಾಯಿತು. ಕಿಟಕಿಯ ತುಂಬ ಮುಖಗಳು.

“ಮೂರು, ಆರು, ಹನ್ನೆರಡು. ಮುಂದೆ?” ಎಂದೆ.

“ಇಪ್ಪತ್ನಾಲ್ಕರಿ,” ಎಂದ ಹುಡುಗ.

“ಹದಿನೆಂಟಲೇ!” ಎಂದಿತು ಕಿಟಕಿ. ಹುಡುಗ ಹದಿನೆಂಟು ಎಂದು ಬದಲಿಸಿದ.

ಹೇಳಿಕೊಡಬಾರದು ಎಂದು ಕೈಮುಗಿದೆ. ಅಜ್ಜಿಗೆ ಸಿಟ್ಟು ಬಂತು. “ಗೊತ್ತಿದ್ದೂ ಸುಮ್ಮ ಕೂಡಬೇಕೇನ? ಇದ್ಯಾವ ಊರ ರೀತಿ?”

ಇಪ್ಪತ್ನಾಲ್ಕು ಸರಿಯಾದ ಉತ್ತರ. ಹದಿನೆಂಟು ಎಂದ ದನಿ ಮುಖ್ಯಗುರುಗಳದು.

ಅಂದಿನಿಂದ ಎಲ್ಲಿ ಹೋದರೂ ನಾನು ಕಿಟಕಿ ತೆರೆದೇ ಇಡುತ್ತೇನೆ. ಇದೂ ಮುಂದೆ ಬೇಕಾಗುತ್ತದೆ.

೩. ಬೀಗರ ಮುಂದೆ

ಈಗ ಬಾಡಿಗೆ ಮನೆ. ನಮ್ಮ ಮಾಲೀಕರ ಮಗನಿಗೆ ರಸಗೊಬ್ಬರದ ಅಂಗಡಿ ಇದೆ. ಏನು ಕೇಳಿದರೂ “ವಿಚಾರ ಮಾಡಿ ಹೇಳ್ತೇನ್ರಿ” ಎನ್ನುತ್ತಾನೆ, ಮತ್ತು ನಿಜವಾಗಿಯೂ ವಿಚಾರ ಮಾಡುತ್ತಾನೆ. ಕರಜಗಿಯ ಹುಡುಗಿಯೊಂದಿಗೆ ಮಾತುಕತೆ ನಡೆದಿತ್ತು. ಹುಡುಗನ ಬುದ್ಧಿ ಜರಾ ಮಂದ ಎಂದು ಯಾರೋ ಹುಡುಗಿಯ ಅಪ್ಪನ ಕಿವಿಗೆ ಹಾಕಿ, ಲಗ್ನ ನಿಂತೇಹೋಗುವ ಹಾಗಿತ್ತು.

“ಮೇಡಮ್ರ, ಬೀಗರ ಮುಂದ ಅಳದು ಒಂದು ಅಂಕಿ ಹೇಳಿಬಿಡ್ರಿ,” ಎಂದರು ಮಾಲೀಕರು.

ಇದು ಲಗ್ನಕ್ಕೆ ಇರುವುದಲ್ಲ, ಅಂಕಿಯೇ ಮನುಷ್ಯನಲ್ಲ ಎಂದು ವಿವರವಾಗಿ ತಿಳಿಸಿದೆ. ಎಲ್ಲ ಕೇಳಿಕೊಂಡು, “ಖರೇ ಅದರಿ. ಯಾವತ್ತ ಅಳೀತೀರಿ?” ಎಂದರು. ಹುಡುಗ ಬಹಳ ಹೊತ್ತು ನೆಲ ನೋಡಿ, “ಹುಡುಗಿ ನನಗ ಪಸಂದ ಬಂದಾಳ್ರಿ,” ಎಂದ. ನಾನು ಒಪ್ಪಿದ್ದು ಇದಕ್ಕೆ.

ಕೆಳಗೆ ಮಾಲೀಕರ ನಡುಮನೆಯಲ್ಲಿ ಪರೀಕ್ಷೆಯಾಯಿತು. ತೆರೆದ ಕಿಟಕಿಯ ಆಚೆ ಹೆಂಗಸರು, ಅವರ ನಡುವೆ ಹುಡುಗಿ. ಏಳನೆಯ ಪ್ರಶ್ನೆಗೆ ಅವನು ವಿಚಾರ ಮಾಡುತ್ತಿರುವಾಗಲೇ ಸಮಯ ಮುಗಿಯಿತು. ಆದರೂ ನೂರಾ ಎರಡು ಬಂತು. ಸಾಧಾರಣ ಮನುಷ್ಯರಿಗೆ ಬರುವಷ್ಟೇ, ಚಿಂತೆಯಿಲ್ಲ ಎಂದೆ. ಹುಡುಗಿಯ ಅಪ್ಪ ಖುಷಿಯಾಗಿ, “ನಮ್ಮಾಕಿದೂ ನೋಡೇಬಿಡ್ರಿ!” ಎಂದರು.

ಅಲ್ಲಿ ಕೆಟ್ಟಿತು. ಆಗಲೇ ಕೇಳಿಸಿಕೊಂಡ ಪ್ರಶ್ನೆಗಳು ಬೇಡವೆಂದು ಅವಳಿಗೆ ಬೇರೆಯವನ್ನು ಕೇಳಿದೆ. ನೂರಾ ಇಪ್ಪತ್ತು ಬಂತು.

ಹುಡುಗನ ಅವ್ವ ಚಹಾದ ಕಪ್ಪು ಕೆಳಗಿಟ್ಟರು. “ವಯಸ್ಸಿನಾಗ ಹುಡುಗ ದೊಡ್ಡಾಂವ. ಎತ್ತರದಾಗ ದೊಡ್ಡಾಂವ. ಕಲತದ್ದರಾಗ ದೊಡ್ಡಾಂವ. ಇದರಾಗ ಹೆಂಗ್ರಿ ಸಣ್ಣಾಂವ ಆಗ್ತಾನ? ಇದು ಕೂಡಿ ಬರಂಗಿಲ್ಲ ಬಿಡ್ರಿ.”

ಹುಡುಗ ವಿಚಾರ ಮಾಡುತ್ತಿದ್ದ. ಹುಡುಗಿ ಮೆಲ್ಲಗೆ, “ಅಕ್ಕಾರ, ಬ್ಯಾರೆ ಬ್ಯಾರೆ ಪ್ರಶ್ನಿ ಕೇಳಿದ್ರ ಹೆಂಗ ಸರಿ ಬರ್ತದ್ರಿ? ಅವರಿಗೆ ಕೇಳಿದ್ದನ್ನ ನನಗೂ ಕೇಳ್ರಿ,” ಎಂದಳು. ನ್ಯಾಯದ ಮಾತು ಎಂದರು ಎಲ್ಲರೂ. ಇದು ಶಾಸ್ತ್ರಕ್ಕೆ ವಿರುದ್ಧ ಎಂದು ನಾನು ವಿವರಿಸತೊಡಗಿದೆ, ಯಾರೂ ಕಿವಿಗೊಡಲಿಲ್ಲ. ಅವೇ ಪ್ರಶ್ನೆಗಳನ್ನು ಕೇಳಿದೆ.

ಅವನು ಸರಿ ಹೇಳಿದ್ದಕ್ಕೆ ಸರಿ ಹೇಳಿದಳು. ತಪ್ಪಿದ್ದಕ್ಕೆ ಅವನ ತಪ್ಪನ್ನೇ, ಅವನ ಮಾತಿನಲ್ಲೇ ಹೇಳಿದಳು. ಏಳನೆಯದಕ್ಕೆ “ವಿಚಾರ ಮಾಡಿ ಹೇಳ್ತೇನ್ರಿ” ಎಂದು ಕೈಕಟ್ಟಿ, ಸಮಯ ಮುಗಿಯುವ ತನಕ ಗಡಿಯಾರವನ್ನೇ ನೋಡುತ್ತ ಕುಳಿತಳು. ಅವನು ಸರಿ ಹೇಳಿದ್ದ ಕೊನೆಯ ಸುಲಭದ ಪ್ರಶ್ನೆಯೊಂದಕ್ಕೆ ಮಾತ್ರ ತಪ್ಪು ಹೇಳಿದಳು.

ನೂರಾ ಒಂದು.

“ನೋಡ್ರಿ,” ಎಂದರು ಹುಡುಗನ ಅವ್ವ, ನನ್ನ ಬಾಯಿಗೆ ಪೇಡೆ ಇಡುತ್ತ, “ಸರಿಯಾಗಿ ಅಳದ್ರ ಸರಿಯಾಗೇ ಬರ್ತದ.” ಅಂದೇ ಲಗ್ನ ಗಟ್ಟಿಯಾಯಿತು.

ಮರುದಿನ ಬೆಳಿಗ್ಗೆ ಹುಡುಗ ಮೇಲೆ ನನ್ನ ಮನೆಗೆ ಬಂದ. “ಮೇಡಮ್ರ, ವಿಚಾರ ಮಾಡಿದ್ನಿ. ಆಕಿ ಬೇಕಂತನ ತಪ್ಪ ಹೇಳ್ಯಾಳ ಅಲ್ರಿ?”

“ಹೌದು,” ಎಂದೆ. “ಈಗ ನಿಮ್ಮ ಅವ್ವನಿಗೆ...”

“ಹೇಳಬ್ಯಾಡ್ರಿ!” ಎಂದ.

ನಾನು ಕಂಡಂತೆ, ಅವನು ವಿಚಾರ ಮಾಡದೆ ಕೊಟ್ಟ ಉತ್ತರ ಇದೊಂದೇ. ಪೂರ್ತಿ ಅಂಕ ಕೊಟ್ಟೆ.